ಝಡ್ತಿ ಕೋದಂಡಪ್ಪನ ಸಂಘ

ಕೋದಂಡಪ್ಪ ಚಂದಾ ಕೇಳಲು ಬರುತ್ತಿದ್ದಾರೆಂದರೆ ಬಂಗಾರಪೇಟೆಯ ಅಂಗಡಿ ಬೀದಿಯಲ್ಲಿ ಯಾರೂ ಬಾಗಿಲು ಹಾಕಿಕೊಳ್ಳುತ್ತಿರಲಿಲ್ಲ. ಹಾಕಿಕೊಂಡು ಪ್ರಯೋಜನವಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಬಂದು ಕೂರುತ್ತಿದ್ದರು, ಕುಡಿಯಲು ನೀರು ಕೇಳುತ್ತಿದ್ದರು, ಹುಡುಗರ ಸಂಘದ ವಿಷಯ ನಾಲ್ಕು ಮಾತು ಹೇಳಿ ಸುಮ್ಮನಾಗುತ್ತಿದ್ದರು. ಆಮೇಲೆ ಎದುರಿಗಿದ್ದವನನ್ನು ನೋಡುತ್ತಾ ಕೂರುವುದೇ ಕೆಲಸ. ಈ ಸಲ ವ್ಯಾಪಾರವೇ ಇಲ್ಲ ಎಂದು ಗೋಳಾಡುವ ಹುಣಸೆಹಣ್ಣಿನ ಸಾಹುಕಾರನ ಕೈ ತನಗೇ ತಿಳಿಯದೆ ಸೊಂಟದ ಗಂಟಿನ ಕಡೆ ಹೋಗುತ್ತಿತ್ತು. ಕೋದಂಡಪ್ಪ ಆ ಗಂಟನ್ನೇ ನೋಡುತ್ತಿದ್ದರು. ಸಾಹುಕಾರ ಬೆವರುತ್ತಿದ್ದ. ಸ್ವಲ್ಪ ಹೊತ್ತಿಗೆ ರಸೀದಿ ಹರಿಯುವ ಸದ್ದು ಕೇಳಿಸುತ್ತಿತ್ತು.

ಅವರನ್ನು ಬಹುವಚನದಲ್ಲಿ ಕರೆಯುತ್ತಿದ್ದೇನೆ. ಹದಿನೈದು ವರ್ಷ ಬಾಯಿಗೆ ರೂಢಿಯಾಗಿಬಿಟ್ಟಿದೆ, ಅದಕ್ಕೆ. ಬೇರೆ ಕಾರಣವೇನೂ ಇಲ್ಲ.

ಮನುಷ್ಯನ ಕೈ ಎತ್ತ ಹೋಗುತ್ತದೆಂದು ನೋಡುವ ಈ ವಿದ್ಯೆಯನ್ನು ಅವರು ಕಲಿತದ್ದು ಗಣಿಯ ಗೇಟಿನಲ್ಲಿ. ಬಂಗಾರಪೇಟೆಯಿಂದ ಮೂರು ಮೈಲಿಯ ಹಳ್ಳಿಯವರು, ಎರಡು ಎಕರೆ ರಾಗಿ ಹೊಲದ ಮನೆಯ ಮೂರನೆಯ ಮಗ. ಸಾವಿರದ ಒಂಬೈನೂರ ಎಂಟರಲ್ಲಿ, ಇಪ್ಪತ್ತು ತುಂಬುವ ಹೊತ್ತಿಗೆ, ಊರಿಗಾಂ ಚಿನ್ನದ ಗಣಿಯಲ್ಲಿ ಝಡ್ತಿ ಕೆಲಸಕ್ಕೆ ಸೇರಿದರು. ಪಾಳಿ ಮುಗಿಸಿ ಮೇಲೆ ಬಂದ ಕೂಲಿಯವನು ಚಿನ್ನದ ಚೂರನ್ನು ಬಚ್ಚಿಟ್ಟುಕೊಂಡಿದ್ದಾನೋ ಎಂದು ಮೈಯೆಲ್ಲ ತಡಕಿ ನೋಡುವುದಕ್ಕೆ ಇಲ್ಲಿ ಝಡ್ತಿ ಎನ್ನುತ್ತಾರೆ. ಅವನು ಬಟ್ಟೆ ಬಿಚ್ಚಿ ಕೊಡವಬೇಕು, ಕೂದಲಲ್ಲಿ ಬೆರಳಾಡಿಸಬೇಕು, ಬಾಯಿ ತೆರೆದು ನಾಲಿಗೆ ಎತ್ತಬೇಕು, ಮೊಣಕಾಲೆತ್ತರದ ಅಡ್ಡಗಂಬಿಯನ್ನು ಹಾರಬೇಕು. ಹೀಗೆ ದಿನಕ್ಕೆ ಮುನ್ನೂರು ಜನ. ಬೆವರು, ಎಲೆಅಡಿಕೆ, ಸಿಡಿಮದ್ದು, ಹುಳುಕು ಹಲ್ಲು, ಎಲ್ಲ ಸೇರಿದ ವಾಸನೆ. ಮನೆಗೆ ಬಂದು ಹುಣಸೆಹಣ್ಣು ಹಚ್ಚಿ, ಬೂದಿ ಹಚ್ಚಿ ಕೈ ತಿಕ್ಕಿದರೂ ಆ ಕೈಯಿಂದ ಮುದ್ದೆ ಮುರಿಯಲು ಅವರಿಗೆ ಆಗುತ್ತಿರಲಿಲ್ಲವಂತೆ. ಹೆಂಡತಿ ಅಕ್ಕಯ್ಯಮ್ಮನೇ ತುತ್ತು ಮಾಡಿ ಬಾಯಿಗಿಡಬೇಕಿತ್ತು. ಇದನ್ನು ಅಕ್ಕಯ್ಯಮ್ಮ ನನ್ನ ಹೆಂಡತಿಗೆ ಹೇಳಿ ಅತ್ತದ್ದುಂಟು. ಹನ್ನೊಂದು ವರ್ಷ ಹೀಗೆ ನಡೆಯಿತು.

ಹದಿನೆಂಟನೆಯ ಇಸವಿಯ ಜ್ವರದಲ್ಲಿ ಲೈನುಗಳೆನ್ನುವ ಗಣಿ ಕೂಲಿಗಳ ಸಾಲುಮನೆಗಳಲ್ಲಿ ಮನೆಗೊಬ್ಬರಂತೆ ಸತ್ತರು. ಅಪ್ಪ ಸತ್ತ ಮನೆಗಳಿಂದ ಮೀಸೆ ಚಿಗುರದ ಹುಡುಗರು ವಯಸ್ಸು ಸುಳ್ಳು ಹೇಳಿ ಗುಂಡಿಗೆ ಇಳಿಯತೊಡಗಿದರು. ಲೈನಿನವರು ಗಣಿಯನ್ನು ಗುಂಡಿ ಎಂದೇ ಕರೆಯುತ್ತಾರೆ. ಪಾಳಿ ಮುಗಿದ ಮೇಲೆ ಆ ಹುಡುಗರೂ ಕೋದಂಡಪ್ಪನ ಮುಂದೆ ಬತ್ತಲೆ ನಿಲ್ಲಬೇಕಾಯಿತು. ಅದನ್ನು ಅವರು ಸಹಿಸಲಿಲ್ಲ. ಕೆಲಸ ಬಿಟ್ಟರು. ನಾನು ಅವರನ್ನು ಏನೆಂದು ಬೈದರೂ ಈ ಒಂದು ಹಿರಿಮೆಯನ್ನು ಅವರಿಂದ ಕಿತ್ತುಕೊಳ್ಳಲಾರೆ. ತಿಂಗಳ ಸಂಬಳ ಬಿಟ್ಟು ಬೀದಿಗೆ ಬಂದದ್ದು ಆ ಹುಡುಗರಿಗಾಗಿಯೇ.

ಇಪ್ಪತ್ತೊಂದರಲ್ಲಿ ಬಾಲಕರ ಹಿತೈಷಿ ಸಂಘ ಶುರುವಾಯಿತು. ಏರ್ಪಾಡು ಸರಳ. ಕೈಯಲ್ಲಿ ಒಂದು ಕಸುಬಿರುವ ಹಿರಿಯನಿಗೆ ಒಬ್ಬ ಹುಡುಗ. ಪ್ರತಿ ಭಾನುವಾರ ಆ ಹುಡುಗನನ್ನು ಜೊತೆಗೆ ಕರೆದುಕೊಂಡು ಓಡಾಡಬೇಕು, ತನ್ನ ಕೆಲಸ ತೋರಿಸಬೇಕು, ಉಪದೇಶ ಮಾಡಕೂಡದು. ಹದಿನೆಂಟು ತುಂಬುವವರೆಗೆ ಅವನು ಗುಂಡಿಗೆ ಇಳಿಯದ ಹಾಗೆ ನೋಡಿಕೊಂಡು, ಆಮೇಲೆ ಮೇಲಿನ ಲೋಕದಲ್ಲೇ ಒಂದು ಕೆಲಸಕ್ಕೆ ಹಚ್ಚಬೇಕು. ಬಡಗಿ, ಕಾಂಪೌಂಡರ್, ದರ್ಜಿ, ಪೋಸ್ಟ್‌ಮ್ಯಾನ್ ಹೀಗೆ ಹನ್ನೊಂದು ಜನ ಸೇರಿದೆವು. ನಾನು ಬಂಗಾರಪೇಟೆ ಸ್ಟೇಷನ್ನಿನ ಗೂಡ್ಸ್ ಗುಮಾಸ್ತ. ಮೊದಲ ದಿನ ಕೋದಂಡಪ್ಪ ನಮ್ಮನ್ನೆಲ್ಲ ನಿಲ್ಲಿಸಿಕೊಂಡು ಒಂದೇ ಒಂದು ಕಟ್ಟಳೆ ಹೇಳಿದರು.

"ನಮ್ಮ ಸಂಘದಲ್ಲಿ ಹುಡುಗನ ಮೈಮೇಲೆ ಯಾರೂ ಕೈ ಹಾಕಕೂಡದು. ಹೊಡೆಯೋಕೂ ಬೇಡ, ತಡಕೋಕೂ ಬೇಡ."

ನಾವು ಭಾನುವಾರದ ಜನ. ವಾರದ ಉಳಿದ ದಿನ ಸಂಘ ಎಂದರೆ ಕೋದಂಡಪ್ಪನ ಕಾಲು ಮತ್ತು ರಸೀದಿ ಪುಸ್ತಕ. ಅವರೇ ಕಾರ್ಯದರ್ಶಿ, ಅವರ ಸಂಬಳವನ್ನೂ ಅವರೇ ಎತ್ತಿಕೊಳ್ಳಬೇಕು. ದಾನಿಗಳೆಂಬ ಪ್ರಾಣಿಗಳನ್ನು ನಾನು ಹತ್ತಿರದಿಂದ ಕಂಡದ್ದು ಅವರ ಜೊತೆಯಲ್ಲೇ. ಒಬ್ಬ ಜಮೀನ್ದಾರ ಎರಡು ಮೂಟೆ ರಾಗಿ ಕಳಿಸಿದ. ಬಿಚ್ಚಿದರೆ ರಾಗಿಗಿಂತ ಹುಳುವೇ ಹೆಚ್ಚು. ಒಬ್ಬ ದೊರೆಸಾನಿ ಉಣ್ಣೆಯ ಕಾಲುಚೀಲ ಹನ್ನೆರಡು ಜೊತೆ ಕೊಟ್ಟಳು, ಹುಡುಗರಿಗೆ ಚಪ್ಪಲಿಯೇ ಇಲ್ಲದಾಗ. ಇನ್ನೊಬ್ಬ ಪುಣ್ಯಾತ್ಮ ಹುಡುಗರನ್ನೆಲ್ಲ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರಿಂದ ಕಾಲು ಮುಟ್ಟಿಸಿಕೊಂಡು, ಕೊನೆಗೆ ಐದು ರೂಪಾಯಿ ಕೊಟ್ಟು, ಪತ್ರಿಕೆಯಲ್ಲಿ ಹೆಸರು ಬರುತ್ತದಲ್ಲವೇ ಎಂದ. ಕೋದಂಡಪ್ಪ ಎಲ್ಲರಿಗೂ ಕೈ ಮುಗಿದು, ಹೊರಗೆ ಬಂದ ಮೇಲೆ ಬೀದಿಯಲ್ಲಿ ಉಗುಳುತ್ತಿದ್ದರು. ಆ ಉಗುಳುವುದನ್ನು ನೋಡಿಯೇ ನಾನು ಅವರನ್ನು ನಂಬಿದ್ದು.

ಇಪ್ಪತ್ತೊಂಬತ್ತರಲ್ಲಿ ನನ್ನ ಪಾಲಿಗೆ ಬಂದ ಹುಡುಗ ಆದಿನಾರಾಯಣ, ಹನ್ನೊಂದು ವರ್ಷದವನು. ಅಪ್ಪ ಮುನಿಸ್ವಾಮಪ್ಪ ನಮ್ಮ ಕಡೆಯ ಹಳ್ಳಿಯಿಂದ ಕೂಲಿಗೆ ಹೋಗಿ ಊರಿಗಾಂ ಲೈನಿನಲ್ಲಿ ಬೀಡುಬಿಟ್ಟು, ಗುಂಡಿಯ ದೂಳು ಕುಡಿದು ಆಗಲೇ ಕೆಮ್ಮುತ್ತಿದ್ದವನು. ಮಗ ತನ್ನ ಹಿಂದೆ ಇಳಿಯಬಾರದು ಎನ್ನುವುದೊಂದೇ ಅವನ ಆಸೆ. ಅದಕ್ಕಾಗಿ ಪ್ರತಿ ಭಾನುವಾರ ತಾನೇ ಮಗನನ್ನು ರೈಲು ಹತ್ತಿಸಿ ನನ್ನ ಹತ್ತಿರ ಕಳಿಸುತ್ತಿದ್ದ. ಹುಡುಗ ಚುರುಕು. ವ್ಯಾಗನ್ನುಗಳ ಮೇಲಿನ ಚೀಟಿ ಓದುತ್ತಾ ಓದುತ್ತಾ ಇಂಗ್ಲಿಷ್ ಅಕ್ಷರ ಕಲಿತ. ಎರಡು ವರ್ಷದಲ್ಲಿ ಬೌರಿಂಗ್‌ಪೇಟೆಯಿಂದ (ಬೋರ್ಡಿನ ಮೇಲೆ ನಮ್ಮ ಬಂಗಾರಪೇಟೆಯ ಹೆಸರು ಅದು) ಮಾರಿಕುಪ್ಪದವರೆಗೆ ಎಲ್ಲ ಸ್ಟೇಷನ್ನಿನ ಹೆಸರನ್ನೂ ತಪ್ಪಿಲ್ಲದೆ ಬರೆಯುತ್ತಿದ್ದ. ವ್ಯಾಗನ್ ನಂಬರು ಬರೆದುಕೊಳ್ಳುವ ಕೆಲಸಕ್ಕೆ ಇವನನ್ನು ಸೇರಿಸುತ್ತೇನೆಂದು ನಾನು ಮುನಿಸ್ವಾಮಪ್ಪನಿಗೆ ಮಾತು ಕೊಟ್ಟೆ.

ಮೂವತ್ತೊಂದರಲ್ಲಿ ಸಂಘಕ್ಕೆ ನಿಲ್ಲಲು ನೆಲೆಯಿಲ್ಲವಾಯಿತು. ಊರಿಗಾಂನಲ್ಲಿ ಸಾರಾಯಿ ಅಂಗಡಿಯ ಪಕ್ಕದ ಬಾಡಿಗೆ ಕೋಣೆಯನ್ನು ಅದರ ಒಡೆಯ ಬಿಡಿಸಿದ. ಆಗ ಸಿಕ್ಕಿದವನು ಶ್ರೀರಾಮಪ್ಪ, ಗಣಿಗಳಿಗೆ ಮರದ ದಿಮ್ಮಿ ಸರಬರಾಜು ಮಾಡುತ್ತಿದ್ದ ಕಂಟ್ರಾಕ್ಟರ್. ಸತ್ತ ತಾಯಿಯ ಹೆಸರಿನಲ್ಲಿ ಸಂಘಕ್ಕೊಂದು ಕಟ್ಟಡ ಕಟ್ಟಿಸಿಕೊಡುತ್ತೇನೆ ಎಂದ. ತಾಯಿಯ ತಿಥಿಯ ಮಾರನೆಯ ದಿನ ಇಪ್ಪತ್ತು ಹುಡುಗರನ್ನು ಬಂಗಾರಪೇಟೆಯ ತನ್ನ ಮನೆಗೆ ಊಟಕ್ಕೆ ಕರೆದ.

ಊಟ ಚೆನ್ನಾಗಿಯೇ ಇತ್ತು. ಒಬ್ಬಟ್ಟು, ತುಪ್ಪ, ನೀರಿಗೆ ಬೆಳ್ಳಿ ಲೋಟ. ಹುಡುಗರು ಕೈ ತೊಳೆದು ಬಂದಾಗ ಶ್ರೀರಾಮಪ್ಪ ಎಲೆಗೆ ಸುಣ್ಣ ಸವರುತ್ತಾ, ಮನೆಯಲ್ಲಿ ಹೆಂಗಸರಿಗೆ ಸಮಾಧಾನವಿಲ್ಲ, ಲೋಟ ಬಹಳ ಇವೆ, ಹೊರಡುವ ಮುಂಚೆ ಒಂದು ಸಲ ಝಡ್ತಿ ಮಾಡಿಸಿಬಿಡೋಣ ಎಂದ. ಇವೇನು ಗಣಿಯ ಮಕ್ಕಳು, ಇವಕ್ಕೆ ಹೊಸದೇ, ನೀವೂ ಆ ಕೆಲಸದಲ್ಲೇ ಇದ್ದವರಲ್ಲವೇ ಎಂದ. ಅವನ ದನಿಯಲ್ಲಿ ಕೋಪವಿರಲಿಲ್ಲ, ಅನುಮಾನವೂ ಇರಲಿಲ್ಲ. ಚಪ್ಪಲಿ ಹೊರಗೆ ಬಿಡಿ ಎನ್ನುವಷ್ಟು ಸಲೀಸಾಗಿ ಹೇಳಿದ. ನಮ್ಮ ಊರುಗಳಲ್ಲಿ ಅದು ಅಷ್ಟು ಮಾಮೂಲಾಗಿ ಹೋಗಿತ್ತು.

ಕೋದಂಡಪ್ಪ ನನ್ನ ಮುಖ ನೋಡಿದರು. ನಾನು ಎಲೆಅಡಿಕೆಯ ತಟ್ಟೆ ನೋಡಿದೆ. ಏನಾದರೂ ಹೇಳಿದ್ದರೆ ಕಟ್ಟಡ ಹೋಗುತ್ತಿತ್ತು, ಅಷ್ಟೇ. ಹೋಗಿದ್ದರೆ ಏನಾಗುತ್ತಿತ್ತು ಎಂದು ಈಗ ಕೇಳಿಕೊಳ್ಳುತ್ತೇನೆ. ಶ್ರೀರಾಮಪ್ಪನ ಕಾವಲುಗಾರ ದೊಣ್ಣೆ ಹಿಡಿದು ಮುಂದೆ ಬಂದ. ಅವನು ಕೈ ಹಾಕುವುದಕ್ಕಿಂತ ತಾನೇ ಹಾಕುವುದು ಮೇಲು, ಹೆಗಲು ಮುಟ್ಟಿದ ಹಾಗೆ ಮಾಡಿ ಬಿಟ್ಟುಬಿಟ್ಟರಾಯಿತು ಎಂದು ಕೋದಂಡಪ್ಪ ಎದ್ದರು. ಸಾಲಿನ ಮೊದಲಿಗೆ ಆದಿನಾರಾಯಣನಿದ್ದ.

ಅವರು ಮುಟ್ಟುವ ಮೊದಲೇ ಹುಡುಗ ಅಂಗಿ ಬಿಚ್ಚಿದ. ಎರಡು ಸಲ ಕೊಡವಿದ. ಕೂದಲಲ್ಲಿ ಹತ್ತೂ ಬೆರಳು ಆಡಿಸಿದ. ಬಾಯಿ ಅಗಲಿಸಿ, ನಾಲಿಗೆ ಎತ್ತಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿಸಿ ತೋರಿಸಿದ. ಆಮೇಲೆ ಇಲ್ಲದ ಅಡ್ಡಗಂಬಿಯೊಂದನ್ನು ಪಕ್ಕವಾಗಿ ಹಾರಿ, ಕೈ ಮುಂದೆ ಚಾಚಿ ನಿಂತ. ಲೈನಿನಲ್ಲಿ ಮಕ್ಕಳು ಝಡ್ತಿ ಆಟ ಆಡುತ್ತಾರೆಂದು ನನಗೆ ಆವತ್ತೇ ಗೊತ್ತಾದದ್ದು. ಹಿಂದಿದ್ದ ಹುಡುಗರೂ ಹುರುಪಿನಿಂದ ಬಿಚ್ಚಿದರು, ಕೊಡವಿದರು, ಹಾರಿದರು. ಜಗಲಿಯಲ್ಲಿದ್ದ ನೆಂಟರೆಲ್ಲ ಬಿದ್ದು ಬಿದ್ದು ನಕ್ಕರು. ಒಳಗಿನ ಹೆಂಗಸರು ಬಾಗಿಲಿಗೆ ಬಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಯಾರೋ ಎಂಟಾಣೆ ಎಸೆದರು. ಶ್ರೀರಾಮಪ್ಪನಿಗೆ ಕಣ್ಣಲ್ಲಿ ನೀರು ಬರುವಷ್ಟು ನಗು. ಒಂದು ಕೋಣೆಯಲ್ಲ, ಎರಡು ಕೋಣೆ ಕಟ್ಟಿಸುತ್ತೇನೆ ಎಂದು ಅಲ್ಲೇ ಮಾತು ಕೊಟ್ಟ.

ಕೋದಂಡಪ್ಪ ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡರು. ನಾನೇ ಬೆನ್ನು ಸವರಿದೆ. ತಿಂದ ಒಬ್ಬಟ್ಟೆಲ್ಲ ಹೊರಗೆ ಬಂತು. ಮುಖ ತೊಳೆದುಕೊಂಡು ಒಳಗೆ ಬಂದು ಶ್ರೀರಾಮಪ್ಪನಿಗೆ ಕೈ ಮುಗಿದರು.

ಹುಡುಗರನ್ನು ಕರೆದುಕೊಂಡು ಸಂಜೆಯ ರೈಲಿನಲ್ಲಿ ಊರಿಗಾಂಗೆ ಹೊರಟೆವು. ಕೋರಮಂಡಲ್ ಸ್ಟೇಷನ್ ದಾಟುವವರೆಗೆ ಕೋದಂಡಪ್ಪ ಮಾತಾಡಲಿಲ್ಲ. ಪಾಪ, ನೊಂದಿದ್ದಾರೆ ಎಂದುಕೊಂಡು ನಾನೂ ಸುಮ್ಮನಿದ್ದೆ. ಆಮೇಲೆ ಅವರು ಮೆಲ್ಲಗೆ, ಜಗಲಿಯಲ್ಲಿ ಎಷ್ಟು ಜನ ನಕ್ಕರು ಗಮನಿಸಿದಿರಾ ಗುಮಾಸ್ತರೆ ಎಂದರು.

ಮರು ವರ್ಷ ಹೊಸ ಕಟ್ಟಡದ ವಾರ್ಷಿಕೋತ್ಸವದಲ್ಲಿ ಝಡ್ತಿ ಆಟ ಇತ್ತು, ಆಮೇಲೆ ವರ್ಷವರ್ಷವೂ ನಡೆಯಿತು. ನಿಜವಾದ ಅಡ್ಡಗಂಬಿ ಮಾಡಿಸಿದ್ದರು, ಅದಕ್ಕೆ ಕೆಂಪು ಬಿಳಿ ಬಣ್ಣ ಬಳಿಸಿದ್ದರು. ಶ್ಲೋಕ, ಭಾಷಣ, ವರದಿ ವಾಚನ ಮುಗಿಯುವವರೆಗೆ ಆಕಳಿಸುತ್ತಿದ್ದ ದೊಡ್ಡ ಮನುಷ್ಯರು ಆ ಆಟಕ್ಕೆ ಎದ್ದು ಕೂರುತ್ತಿದ್ದರು. ಅದು ಮುಗಿದ ಕೂಡಲೆ ಕೋದಂಡಪ್ಪ ರಸೀದಿ ಪುಸ್ತಕ ಹಿಡಿದು ಸಾಲುಗಳ ನಡುವೆ ಹೋಗುತ್ತಿದ್ದರು. ಬೀದಿಯಲ್ಲಿ ಉಗುಳುವುದು ನಿಂತೇಹೋಯಿತು. ಆದಿನಾರಾಯಣನೇ ಪ್ರತಿ ವರ್ಷ ಮೊದಲಿಗ. ಚಪ್ಪಾಳೆ ಬಿದ್ದಷ್ಟೂ ಅವನು ಆಟಕ್ಕೆ ಹೊಸ ಹೊಸ ಚೇಷ್ಟೆ ಸೇರಿಸುತ್ತಿದ್ದ. ಕಿವಿಯ ಹಿಂದೆ ತೋರಿಸುವುದು, ಕಾಲ ಬೆರಳ ಸಂದಿ ಬಿಡಿಸುವುದು. ಒಂದು ವರ್ಷ ಅವನೇ ಝಡ್ತಿಯವನ ವೇಷ ಹಾಕಿದ, ಬೇರೆ ಹುಡುಗರನ್ನು ತಡಕಿದ. ಅದಕ್ಕೆ ಇನ್ನೂ ಹೆಚ್ಚು ಚಪ್ಪಾಳೆ. ಹುಡುಗರಿಗೆ ಇದರಲ್ಲಿ ನೋವಿದ್ದಿದ್ದರೆ ನನಗೆ ಇಷ್ಟು ಹೇಸಿಗೆಯಾಗುತ್ತಿರಲಿಲ್ಲ. ಅವರಿಗೆ ಖುಷಿಯಾಗುತ್ತಿತ್ತು.

ಒಂದು ಸಲ ತಡೆಯಲಾರದೆ ಕೇಳಿಯೇಬಿಟ್ಟೆ. ಮೊದಲ ದಿನದ ಕಟ್ಟಳೆ ಎಲ್ಲಿ ಹೋಯಿತು ಎಂದೆ.

"ಅವರೇ ಆಡೋ ಆಟ. ನಾನು ಇವತ್ತಿನವರೆಗೆ ಒಬ್ಬನ ಮೈಮೇಲೂ ಕೈ ಹಾಕಿಲ್ಲ" ಎಂದರು. ನಿಜವೇ. ಕೈ ಹಾಕಿರಲಿಲ್ಲ.

ಅಷ್ಟಾದರೂ ನಾನೇಕೆ ಸಂಘ ಬಿಡಲಿಲ್ಲ ಎಂದು ಕೇಳಿದರೆ, ಆದಿನಾರಾಯಣನಿಗಾಗಿ ಎನ್ನಬೇಕೆಂದು ಆಸೆ. ಹಾಗೆನ್ನಲು ನನಗೆ ಬಾಯಿಲ್ಲ. ಮೂವತ್ತಾರರಲ್ಲಿ ಅವನಿಗೆ ಹದಿನೆಂಟಾಯಿತು, ಅದೇ ವರ್ಷ ನಮ್ಮ ಯಾರ್ಡಿನಲ್ಲಿ ನಂಬರು ಬರೆಯುವ ಕೆಲಸ ಖಾಲಿಯಾಯಿತು. ಅದು ನನ್ನ ತಂಗಿಯ ಮಗನಿಗೆ ಹೋಯಿತು. ಹೇಗೆ ಹೋಯಿತೆಂದು ಇಲ್ಲಿ ಬಿಡಿಸಿ ಬರೆಯುವುದಿಲ್ಲ. ಓದುವವರಿಗೆ ಗೊತ್ತಾಗುತ್ತದೆ. ಮುನಿಸ್ವಾಮಪ್ಪನಿಗೆ ಮಾತ್ರ ಮೇಲಿನವರು ಒಪ್ಪಲಿಲ್ಲ ಎಂದು ಹೇಳಿದೆ. ಅವನು ನನಗೇ ಸಮಾಧಾನ ಹೇಳಿ ಹೋದ.

ಆ ವರ್ಷದ ಉತ್ಸವಕ್ಕೆ ಗಣಿಯ ಕಾವಲು ಇಲಾಖೆಯ ಸಾಹೇಬನೊಬ್ಬ ಬಂದಿದ್ದ. ಝಡ್ತಿಯವನ ವೇಷದಲ್ಲಿದ್ದ ಆದಿನಾರಾಯಣನನ್ನು ನೋಡಿ ಬಹಳ ನಕ್ಕ. ಹೊರಡುವಾಗ ಕೋದಂಡಪ್ಪನ ಹೆಗಲ ಮೇಲೆ ಕೈಯಿಟ್ಟು, ಈ ಹುಡುಗನಿಗೆ ಕೆಲಸ ಎಲ್ಲ ಆಗಲೇ ಬರುತ್ತದೆ, ಕಳಿಸಿ ಎಂದ. ಶಿಫಾರಸು ಪತ್ರ ಬೇಕಾಯಿತು. ಅಕ್ಷರ ದುಂಡಗಿದೆ ಎಂದು ನನ್ನ ಕೈಯಲ್ಲೇ ಬರೆಸಿದರು. ಬರೆದೆ. ನನ್ನಿಂದ ತಪ್ಪಿದ ಕೆಲಸಕ್ಕೆ ಬದಲಾಗಿ ಇದಾದರೂ ಸಿಗಲಿ ಎಂದು ಒಳ್ಳೊಳ್ಳೆಯ ಮಾತುಗಳನ್ನೇ ಹುಡುಕಿ ಬರೆದೆ. ಹೀಗೆ ಆದಿನಾರಾಯಣ ಖಾಕಿ ಹಾಕಿಕೊಂಡು ಊರಿಗಾಂನ ಗೇಟಿನಲ್ಲಿ ಝಡ್ತಿಯವನಾದ.

ನನಗೆ ತೋರಿಸಲು ಖಾಕಿಯಲ್ಲೇ ಸ್ಟೇಷನ್ನಿಗೆ ಬಂದಿದ್ದ.

"ಗುಂಡಿಗಿಳಿಯೋದು ತಪ್ತಲ್ಲಣ್ಣಾ, ಅಷ್ಟು ಸಾಕು" ಎಂದ.

ಆ ಸಲದ ವರದಿಯಲ್ಲಿ ಕೋದಂಡಪ್ಪ ಅವನ ಫೋಟೋ ಹಾಕಿಸಿದರು. ಆ ಫೋಟೋ ತೋರಿಸಿಯೇ ಚಿಂತಾಮಣಿಯವರೆಗೆ ಹೋಗಿ ಚಂದಾ ಎತ್ತಿಕೊಂಡು ಬಂದರು. ಅಪ್ಪ ಮಗ ಇಬ್ಬರೂ ಒಂದೇ ಗಣಿಯಲ್ಲಿ ಎಂದು ಕೇಳಿದವರೆಲ್ಲ ಸಂತೋಷಪಟ್ಟರಂತೆ. ಅಪ್ಪ ಯಾವ ಗೇಟಿನಿಂದ ಹೊರಗೆ ಬರುತ್ತಾನೆಂದು ಯಾರೂ ಕೇಳಲಿಲ್ಲ. ಕೋದಂಡಪ್ಪನಿಗಂತೂ ಆ ಯೋಚನೆ ಬರಬೇಕಿತ್ತು. ಹನ್ನೊಂದು ವರ್ಷ ನಿಂತ ಗೇಟು ಅದು.

ಎರಡು ತಿಂಗಳ ಮೇಲೆ ಮುನಿಸ್ವಾಮಪ್ಪ ನನ್ನ ಮನೆಗೆ ಬಂದ. ಜಗಲಿಯ ಮೇಲೆ ಕೂರು ಎಂದರೂ ಕೂರಲಿಲ್ಲ. ಪಾಳಿ ಬದಲಾಯಿಸಿಕೊಡಬೇಕೆಂದು ಕಂಪನಿಗೆ ಇಂಗ್ಲಿಷಿನಲ್ಲಿ ಒಂದು ಅರ್ಜಿ ಬರೆದುಕೊಡಿ, ಮೊದಲನೆ ಪಾಳಿಯಿಂದ ಎರಡನೆಯದಕ್ಕೆ ಹಾಕಲಿ ಎಂದ. ಕಾರಣ ಏನೆಂದು ಬರೆಯಲಿ ಎಂದು ಕೇಳಿದೆ. ಬಹಳ ಹೊತ್ತು ಕೆಮ್ಮಿದ.

"ಮೊನ್ನೆ ಸಾಲಲ್ಲಿ ನನ್ ಮಗ ಎಲ್ರುನೂ ಬಿರ್ನೆ ಬಿಟ್ಟ ಸ್ವಾಮಿ. ನನ್ನ ಮಾತ್ರ ಬಾಳಾ ಒತ್ತು ನಿಲ್ಸಿದ. ಸಾಹೇಬ ನೋಡ್ತಾ ಇದ್ದ ಕಣ್ರಿ. ಅಪ್ಪನ್ನ ಸುಮ್ಕೆ ಬಿಟ್ಟ ಅಂದ್ರೆ ಅವುನ್ ಕೆಲ್ಸ ಓಗ್ತದೆ. ಅವುನ್ ತೆಪ್ಪೇನಿಲ್ಲ" ಎಂದ. ಆಮೇಲೆ, "ಮನೇಗ್ ಬಂದು ಅವ್ನೂ ಉಣ್ಲಿಲ್ಲ, ನಾನೂ ಉಣ್ಲಿಲ್ಲ. ಅವುನ್ಗೆ ಏಳ್ಬೇಡಿ, ನಾನ್ ಅರ್ಜಿ ಆಕಿದ್ದು" ಎಂದ.

ಮನೆಯ ತಾಪತ್ರಯ ಎಂದಷ್ಟೇ ಕಾರಣ ಬರೆದೆ. ಹೆಬ್ಬೆಟ್ಟು ಒತ್ತಿ ತೆಗೆದುಕೊಂಡು ಹೋದ. ಮೂರನೆಯ ವಾರ ಮಂಜೂರಾಯಿತೆಂದು ಸ್ಟೇಷನ್ನಿಗೆ ಬಂದು ಹೇಳಿದ. ಅವನ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಬರುವ ಸೋಮವಾರದಿಂದ ಎರಡನೆಯ ಪಾಳಿ ಎಂದ.

ಆ ಶನಿವಾರ ಕೋದಂಡಪ್ಪ ನನ್ನ ಗೂಡ್ಸ್ ಆಫೀಸಿಗೆ ಬಂದರು. ಕೈಯಲ್ಲೊಂದು ಕಾಗದ, ಮುಖವೆಲ್ಲ ಅರಳಿತ್ತು. ಆದಿನಾರಾಯಣ ಸಂಘದ ಓದುವ ಕೋಣೆಯಲ್ಲಿ ಕೂತು ತಾನೇ ಒಂದು ಇಂಗ್ಲಿಷ್ ಅರ್ಜಿ ಬರೆದಿದ್ದಾನೆ, ಯಾರ ಸಹಾಯವನ್ನೂ ಕೇಳಲಿಲ್ಲ, ಇದು ಅದರ ಕರಡು, ಕಾವಲು ಸಾಹೇಬ ಇವನ ಭಾಷೆ ಮೆಚ್ಚಿ ಸೋಮವಾರದಿಂದಲೇ ಎಂದು ಮಂಜೂರು ಮಾಡಿದನಂತೆ ಎಂದರು. ಗಣಿ ಕೂಲಿಯ ಮಗ ಸ್ವಂತವಾಗಿ ಬರೆದ ಇಂಗ್ಲಿಷ್, ಇದನ್ನು ತೋರಿಸಿದರೆ ಯಾವ ದಾನಿಯೂ ಇಲ್ಲವೆನ್ನಲಾರ ಎಂದು ನನ್ನ ಮುಂದೆ ಬಿಡಿಸಿ ಇಟ್ಟರು.

ಓದಿದೆ. ನಾನು ಕಲಿಸಿದ ಅಕ್ಷರಗಳೇ. ನನ್ನ ತಂದೆಯವರು ಮೊದಲನೆಯ ಪಾಳಿಯಲ್ಲಿ ನನ್ನ ಗೇಟಿನ ಮೂಲಕ ಹಾದುಹೋಗುತ್ತಾರೆ, ದಯವಿಟ್ಟು ನನ್ನನ್ನು ಎರಡನೆಯ ಪಾಳಿಗೆ ಹಾಕಬೇಕು, ಈ ವಿಷಯ ತಂದೆಯವರಿಗೆ ತಿಳಿಯಬಾರದು ಎಂದಿತ್ತು. ಒಂದು ತಪ್ಪೂ ಇರಲಿಲ್ಲ.

ಅಪ್ಪನೂ ಅದೇ ಸೋಮವಾರದಿಂದ ಎರಡನೆಯ ಪಾಳಿಗೆ ಹೋಗುತ್ತಿದ್ದಾನೆ ಎಂದು ಕೋದಂಡಪ್ಪನಿಗೆ ಹೇಳಿದೆ. ಅರ್ಜಿ ನಾನೇ ಬರೆದುಕೊಟ್ಟದ್ದು ಎಂದೂ ಹೇಳಿದೆ. ಅವರು ಕುರ್ಚಿಯ ಮೇಲೆ ಕೂತರು. ತಮ್ಮ ಎರಡು ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು. ಹೊರಗೆ ಮಾರಿಕುಪ್ಪದ ಗಾಡಿ ಬಂದು ನಿಂತಿತು.

"ಆದರೂ ಇಂಗ್ಲಿಷ್ ಚೆನ್ನಾಗಿದೆಯಲ್ಲವಾ ಗುಮಾಸ್ತರೆ?" ಎಂದರು.

ಕಾಗದವನ್ನು ಮಡಚಿ ಚೀಲದಲ್ಲಿ ರಸೀದಿ ಪುಸ್ತಕದ ಪಕ್ಕ ಇಟ್ಟುಕೊಂಡು ಗಾಡಿ ಹತ್ತಲು ಹೋದರು. ಕಂಪನಿಯಲ್ಲಿ ಒಬ್ಬನಿಗೆ ಪಾಳಿ ಬದಲಾವಣೆ ವರ್ಷಕ್ಕೆ ಒಂದೇ ಸಲ. ಸೋಮವಾರದಿಂದ ಅಪ್ಪ ಮಗ ಇಬ್ಬರೂ ಎರಡನೆಯ ಪಾಳಿ, ಅದೇ ಗೇಟು, ಇನ್ನೊಂದು ವರ್ಷ.